ಓಡದ ಕಾರಿಗೆ ಆಯಿಲ್ ಚೇಂಜ್ ಯಾವಾಗ? ಕಿಲೋಮೀಟರ್ ಬಿಡಿ, ಪತ್ತನಾಜೆ ನೋಡಿ

ಮೇ ತಿಂಗಳು ಬಂತು ಅಂದ್ರೆ ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆ ಯಾವ ಪೂಜೆಗೆ, ಯಾವ ಮದುವೆಗೆ ಹೋದ್ರೂ ಊಟ ಆದ ಮೇಲೆ ಯಾರಾದ್ರೂ ಒಬ್ಬರು ನನ್ನನ್ನು ಬದಿಗೆ ಕರ್ದು ಕಾರಿನ ವಿಷಯ ಕೇಳ್ತಾರೆ. ಪ್ರಶ್ನೆ ಹೆಚ್ಚಾಗಿ ಒಂದೇ. "ವರ್ಷದಲ್ಲಿ ಎರಡು ಸಾವಿರ ಕಿಲೋಮೀಟರೂ ಓಡ್ಲಿಲ್ಲ, ಆಯಿಲ್ ಚೇಂಜ್ ಹತ್ತು ಸಾವಿರಕ್ಕೆ ಅಲ್ವಾ, ಹಾಗಾದ್ರೆ ಇನ್ನೂ ನಾಲ್ಕು ವರ್ಷ ತೊಂದ್ರೆ ಇಲ್ಲ ಅಲ್ವಾ?"

ತೊಂದ್ರೆ ಉಂಟು. ಎಷ್ಟೇ ಕಮ್ಮಿ ಓಡ್ಲಿ, ವರ್ಷಕ್ಕೊಮ್ಮೆ ಬದಲಿಸ್ಲೇಬೇಕು, ನಾನು ಹೇಳುವುದು ಮಳೆಗಾಲದ ಮೊದಲು ಬರುವ ತುಳುನಾಡಿನ ಪತ್ತನಾಜೆ ದಿನದ ಒಳಗೆ. ನಮ್ಮಲ್ಲಿ ಮಾರುವ ಹೆಚ್ಚಿನ ಪೆಟ್ರೋಲ್ ಕಾರುಗಳ ಮ್ಯಾನುವಲ್ ತೆಗ್ದು ನೋಡಿ, 10,000 ಕಿಲೋಮೀಟರ್ ಅಥವಾ 1 ವರ್ಷ, ಯಾವುದು ಮೊದಲು ಬರ್ತದೋ ಅದು ಅಂತ ಇರ್ತದೆ. ನಾವು ಎಲ್ಲ ಮೊದಲ ಅರ್ಧ ಮಾತ್ರ ನೆನಪಿಟ್ಕೊಳ್ತೇವೆ.

ನಮ್ಮ ಊರಿನ ಕಾರು ಹೇಗೆ ಓಡ್ತದೆ ಅಂತ ಸ್ವಲ್ಪ ಯೋಚನೆ ಮಾಡಿ. ಮಗ ಬೆಂಗಳೂರಲ್ಲಿ, ಇಲ್ಲಾಂದ್ರೆ ಗಲ್ಫಲ್ಲಿ, ಅಪ್ಪ ಅಮ್ಮನಿಗೆ ಅಂತ ಒಂದು ಸಣ್ಣ ಕಾರು ತೆಗ್ದು ಕೊಟ್ಟಿರ್ತಾನೆ, ಅಪ್ಪ ಅದನ್ನು ತೆಗೀವುದು ಪೇಟೆಗೆ, ಬ್ಯಾಂಕಿಗೆ, ಅಡಿಕೆ ಕೊಡ್ಲಿಕ್ಕೆ, ಯಾರನ್ನಾದ್ರೂ ಬಸ್ಸಿಗೆ ಬಿಡ್ಲಿಕ್ಕೆ, ಅಷ್ಟೆ. ಮಂಗಳೂರು ಆಸ್ಪತ್ರೆಗೆ ಹೋಗ್ಬೇಕಾದ್ರೆ ಡ್ರೈವಿಂಗ್ ಬೇಡ ಅಂತ ಬಾಡಿಗೆ ಕಾರು ಹೇಳ್ತಾರೆ. ಅಂದ್ರೆ ಮನೆಯ ಕಾರಿಗೆ ಸಿಗುವುದು ಎರಡು ಮೂರು ಕಿಲೋಮೀಟರಿನ ಓಟ, ಅದೂ ಮನೆಯ ಗುಡ್ಡೆ ಏರುವಾಗ ತಣ್ಣನೆ ಇಂಜಿನಿನಲ್ಲಿ ಫಸ್ಟ್ ಗೇರು, ಪೇಟೆ ಮುಟ್ಟುವಾಗ ಆಫ್. ಮತ್ತೆ ನಾಲ್ಕು ದಿನ ಶೆಡ್ಡಲ್ಲಿ. ಇದಕ್ಕಿಂತ ಕಷ್ಟದ ಕೆಲಸ ಇಂಜಿನ್ ಆಯಿಲಿಗೆ ಬೇರೆ ಇಲ್ಲ ಅಂತ್ಲೇ ಹೇಳ್ಬಹುದು, ದಿನಾ ಕಾಸರಗೋಡು–ಮಂಗಳೂರು ಓಡುವ ಟ್ಯಾಕ್ಸಿಯ ಆಯಿಲ್ ಇದಕ್ಕಿಂತ ಎಷ್ಟೋ ಸುಖದಲ್ಲಿ ಉಂಟು. ಮ್ಯಾನುವಲ್ಲಿನಲ್ಲಿ ಕಷ್ಟದ ಬಳಕೆ ಅಂತ ಬೇರೆಯೇ ಒಂದು ಪಟ್ಟಿ ಇರ್ತದೆ, ಅದರಲ್ಲಿ ಧೂಳು, ಜಾಸ್ತಿ ಭಾರ ಇದರ ಜೊತೆಗೆ ಪದೇ ಪದೇ ಸಣ್ಣ ದೂರದ ಓಟ ಅಂತಲೂ ಬರ್ದಿರ್ತಾರೆ. ಆ ಪುಟವನ್ನು ಯಾರೂ ಓದುವುದಿಲ್ಲ.

ಒಳಗೆ ಎಂತ ಆಗ್ತದೆ ಅಂದ್ರೆ, ಪೆಟ್ರೋಲ್ ಉರಿದಾಗ ಹೊಗೆ ಮಾತ್ರ ಅಲ್ಲ, ನೀರೂ ಬರ್ತದೆ. 1 ಲೀಟರ್ ಪೆಟ್ರೋಲ್ ಪೂರ್ತಿ ಉರಿದ್ರೆ ಹೆಚ್ಚುಕಡಿಮೆ 1 ಲೀಟರ್ ನೀರು ಆವಿಯಾಗಿ ಹೊರಗೆ ಬರ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿಂದ ತೊಟ್ಟಿಕ್ಕುವುದು ಅದೇ. ಅದರಲ್ಲಿ ಹೆಚ್ಚಿನದು ಸೈಲೆನ್ಸರಲ್ಲಿ ಹೋಗ್ತದೆ, ಆದ್ರೆ ಸ್ವಲ್ಪ ಪಿಸ್ಟನ್ ರಿಂಗಿನ ಸಂದಿಯಿಂದ ಕೆಳಗೆ ಆಯಿಲ್ ಇರುವ ಚೇಂಬರಿಗೆ ಇಳೀತದೆ. ಇಂಜಿನ್ ಬಿಸಿ ಇದ್ರೆ ಆ ಆವಿ ಅಲ್ಲಿ ನಿಲ್ಲುವುದಿಲ್ಲ, ಆ ಚೇಂಬರಿನ ಆವಿಯನ್ನು ಹೊರಗೆ ಎಳೆಯುವ ಪಿಸಿವಿ ವಾಲ್ವ್ ಮೂಲಕ ಪುನಃ ಇಂಜಿನಿಗೆ ಹೋಗಿ ಸುಟ್ಟು ಹೋಗ್ತದೆ. ತಣ್ಣಗಿದ್ರೆ ಅಲ್ಲೇ ನೀರಾಗಿ ಆಯಿಲಿಗೆ ಸೇರ್ತದೆ. ಮೀಟರಿನ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತಲ್ಲ, ಬಿಸಿ ಆಯ್ತಲ್ಲ ಅಂತ ಕೇಳ್ಬೇಡಿ, ಆ ಮುಳ್ಳು ತೋರಿಸುವುದು ಕೂಲೆಂಟಿನ, ಅಂದ್ರೆ ಇಂಜಿನನ್ನು ತಂಪು ಮಾಡುವ ದ್ರವದ ಬಿಸಿ, ಆಯಿಲ್ ಬಿಸಿ ಆಗ್ಲಿಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಎರಡು ಕಿಲೋಮೀಟರಲ್ಲಿ ಆಯಿಲ್ ಬಿಸಿ ಆಗುವ ಮಾತೇ ಇಲ್ಲ.

ನೀರು ಮಾತ್ರ ಆದ್ರೆ ಹೇಗೋ ಸುಧಾರಿಸ್ಬಹುದಿತ್ತು. ತಣ್ಣನೆ ಇಂಜಿನಿಗೆ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಕೊಡ್ತದೆ, ಅದರಲ್ಲಿ ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆ ಹಿಡ್ಕೊಂಡು ಇಳ್ದು ಆಯಿಲನ್ನು ತೆಳು ಮಾಡ್ತದೆ. ಉರಿಯುವಾಗ ಹುಟ್ಟುವ ನೈಟ್ರೋಜನ್ ಆಕ್ಸೈಡ್ ಆ ನೀರಿನ ಜೊತೆ ಸೇರಿ ಆಸಿಡ್ ಆಗ್ತದೆ. ಆಯಿಲ್ ಕಂಪೆನಿಯವರಿಗೆ ಇದು ಗೊತ್ತಿಲ್ಲದ ವಿಷಯ ಏನಲ್ಲ, ಅದಕ್ಕೇ ಆಯಿಲಿನಲ್ಲಿ ಆಸಿಡನ್ನು ಕೊಲ್ಲುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಷಾರದ ವಸ್ತು ಸೇರಿಸಿರ್ತಾರೆ, ಲೋಹ ಲೋಹಕ್ಕೆ ತಾಗದ ಹಾಗೆ ಸತುವಿನ ಒಂದು ಸಂಯುಕ್ತ ಹಾಕಿರ್ತಾರೆ. ಆದ್ರೆ ಅದು ಖರ್ಚಾಗುವ ವಸ್ತು. ಕ್ಷಾರ ಮುಗಿದ ಮೇಲೆ ಆಸಿಡ್ ಹೋಗಿ ಬೇರಿಂಗಿನ ಮೆತ್ತನೆ ಲೋಹವನ್ನು ತಿನ್ಲಿಕ್ಕೆ ಸುರು ಮಾಡ್ತದೆ, ಕಾರು ಶೆಡ್ಡಲ್ಲಿ ನಿಂತಿರುವಾಗಲೂ ತಿಂತದೆ, ಅದಕ್ಕೆ ಓಡ್ಬೇಕಂತ ಇಲ್ಲ. ಮೀಟರ್ ನಿಂತ್ರೂ ಇದು ನಿಲ್ಲುವುದಿಲ್ಲ, ಹಾಗಾಗಿಯೇ ಕ್ಯಾಲೆಂಡರ್ ನೋಡ್ಬೇಕು ಅಂತ ನಾನು ಹಠ ಹಿಡಿಯುವುದು.

ಇದನ್ನು ಕಳೆದ ರಜೆಯಲ್ಲಿ ಹೇಳ್ತಾ ಇದ್ದಾಗ ದುಬಾಯಿಯಿಂದ ಬಂದ ಭಾವ ಒಂದು ಒಳ್ಳೆ ಪ್ರಶ್ನೆ ಹಾಕಿದ. "ಅಲ್ಲ ಭಾವ, ಕೋಟಿಗಟ್ಲೆ ವರ್ಷ ಭೂಮಿಯ ಅಡಿಯಲ್ಲಿ ಬಿದ್ದಿದ್ದ ಎಣ್ಣೆ, ಮೇಲೆ ಬಂದು ಒಂದು ವರ್ಷಕ್ಕೆ ಹಾಳಾಗ್ತದಾ?" ಪ್ರಶ್ನೆ ಸರಿಯಾಗಿಯೇ ಉಂಟು. ಸೀಲ್ ಒಡೆಯದ ಡಬ್ಬಿಯ ಆಯಿಲ್ ಸುಮಾರು ಐದು ವರ್ಷ ಇಡ್ಬಹುದು ಅಂತ ಹೆಚ್ಚಿನ ಕಂಪೆನಿಗಳೇ ಹೇಳ್ತಾರೆ. ಡಬ್ಬಿಯಲ್ಲಿ ಹಾಳಾಗದ್ದು ಇಂಜಿನಿನಲ್ಲಿ ಹಾಳಾಗುವುದು ಯಾಕೆ ಅಂದ್ರೆ ಇಂಜಿನ್ ಒಳಗೆ ಅದು ಒಬ್ಬಂಟಿ ಅಲ್ಲ, ಒಂದ್ಸಲ ಸ್ಟಾರ್ಟ್ ಮಾಡಿದ್ರೆ ಸಾಕು ನೀರು, ಪೆಟ್ರೋಲ್, ಮಸಿ, ಆಸಿಡ್ ಎಲ್ಲ ಬಂದು ಸೇರಿಯಾಯ್ತು. ಅವನು ಬಿಡ್ಲಿಲ್ಲ, ಈಗ ಹೊಸ ಹೊಗೆ ನಿಯಮದ ಬಿಎಸ್6 ಪೆಟ್ರೋಲ್ ಅಲ್ವಾ, ಗಂಧಕ ಇಲ್ಲವಲ್ಲ ಅಂದ. ಅದೂ ನಿಜ, 2020ರ ಏಪ್ರಿಲಿಂದ ಗಂಧಕ 50 ಪಿಪಿಎಂನಿಂದ 10 ಪಿಪಿಎಂಗೆ ಇಳಿದಿದೆ, ಗಂಧಕದ ಆಸಿಡ್ ತುಂಬ ಕಮ್ಮಿ ಆಗಿದೆ, ಇದು ದೊಡ್ಡ ಉಪಕಾರ. ಆದ್ರೆ ನೈಟ್ರೋಜನ್ ಗಾಳಿಯಿಂದ ಬರುವುದು, ಪೆಟ್ರೋಲ್ ಎಷ್ಟು ಶುದ್ಧ ಆದ್ರೂ ಅದು ಇರ್ತದೆ. ಮತ್ತೆ ಈಗ ಬಂಕಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ವರೆಗೆ ಎಥನಾಲ್ ಇರ್ತದೆ, ಎಥನಾಲಿಗೆ ನೀರನ್ನು ಎಳ್ಕೊಳ್ಳುವ ಗುಣ ಉಂಟು, ಹಾಗಾಗಿ ಓಡದ ಕಾರಿನ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಹಳೆ ಪೆಟ್ರೋಲ್ ಇಟ್ಕೊಳ್ಳುವುದೂ ಒಳ್ಳೆದಲ್ಲ.

ಇನ್ನು ನಮ್ಮ ಹವೆ. ಕಾಸರಗೋಡಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗೀತದೆ. ಆಟಿಯಲ್ಲಿ, ಅಂದ್ರೆ ಜುಲೈ–ಆಗಸ್ಟಿನ ಜಡಿಮಳೆಯಲ್ಲಿ, ಬೆಲ್ಟಿಗೂ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ಇದು, ಅಂಥ ತಂಪಿನಲ್ಲಿ ಕಾರು ನಿಂತಲ್ಲೇ ನಿಂತಿರ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಅಂದ್ರೆ ಯಾವಾಗ ಅಂತ ಕೇಳಿದ್ರೆ ನನ್ನ ಉತ್ತರ ಪತ್ತನಾಜೆಯ ಒಳಗೆ. ತುಳುವಿನ ಬೇಶ ತಿಂಗಳ ಹತ್ತು, ಅಂದ್ರೆ ಮೇ 24ರ ಹೊತ್ತಿಗೆ ಬರ್ತದೆ, ದೈವಗಳ ಕೋಲ ನೇಮ ನಿಂತು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನ, ತುಳುನಾಡಿನವರು ಮರೆಯುವ ತಾರೀಖು ಅಲ್ಲ. ಹಳೆ ಆಯಿಲು ವರ್ಷದ ಆಸಿಡೆಲ್ಲ ಹೊಟ್ಟೆಯಲ್ಲಿ ಇಟ್ಕೊಂಡು ನಾಲ್ಕು ತಿಂಗಳು ಬೇರಿಂಗಿನ ಮೇಲೆ ಕೂತಿರುವುದಕ್ಕಿಂತ, ಕ್ಷಾರ ಪೂರ್ತಿ ಇರುವ ಹೊಸ ಆಯಿಲ್ ಕೂತಿರ್ಲಿ. ಅಡಿಕೆಗೆ ಬೋರ್ಡೋ ದ್ರಾವಣ ಬಿಡುವುದು ಮಹಾಳಿ ರೋಗ ಬಂದು ಕಾಯಿ ಉದುರಿದ ಮೇಲೆ ಅಲ್ಲ, ಮಳೆ ಹಿಡಿಯುವ ಮೊದಲೇ ಅಲ್ವಾ, ಇದೂ ಅದೇ ಲೆಕ್ಕ. ಮೇ ತಿಂಗಳಲ್ಲಿ ಮಕ್ಕಳು ರಜೆಗೆ ಊರಿಗೆ ಬಂದಿರ್ತಾರೆ, ಕಾರು ವರ್ಕ್‌ಶಾಪಿಗೆ ಕೊಂಡೋಗ್ಲಿಕ್ಕೂ ಜನ ಇರ್ತಾರೆ, ಅದೊಂದು ಅನುಕೂಲ. ಬದಲಿಸಿದ ಮೇಲೆ ಹಾಗೇ ಶೆಡ್ಡಿಗೆ ನುಗ್ಗಿಸ್ಬೇಡಿ, ಒಂದು ಒಳ್ಳೆ ಓಟ ಓಡಿಸಿ ಹೊಸ ಆಯಿಲ್ ಎಲ್ಲ ಕಡೆ ಮುಟ್ಟಿದ ಮೇಲೆ ನಿಲ್ಲಿಸಿ.

ಒಂದು ಅಭ್ಯಾಸ ನಮ್ಮ ಹಿರಿಯರಲ್ಲಿ ಉಂಟು, ಅದನ್ನು ಬಿಡಿಸ್ಲಿಕ್ಕೆ ನಾನು ತುಂಬ ಹೇಳ್ತೇನೆ. ದಿನಾ ಬೆಳಿಗ್ಗೆ ಕಾರು ಶೆಡ್ಡಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಗುರ್ರ್ ಅನ್ನಿಸಿ ಆಫ್ ಮಾಡುವುದು, ಬ್ಯಾಟರಿ ಹೋಗ್ಬಾರ್ದು ಅಂತ. ಐದು ನಿಮಿಷದ ಐಡ್ಲಿಂಗಲ್ಲಿ ಸ್ಟಾರ್ಟಿಗೆ ಹೋದ ಚಾರ್ಜ್ ವಾಪಸ್ ಬರುವುದೇ ಕಷ್ಟ, ಇಂಜಿನಿಗೆ ಮಾತ್ರ ದಿನಾ ಒಂದು ಡೋಸ್ ನೀರು ಮತ್ತು ಪೆಟ್ರೋಲ್. ಅದರ ಬದಲು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆಯಾದ್ರೂ ನಿಲ್ಲಿಸದೆ ಓಡಿಸಿ. ಈಗ ಹೈವೇ ಆರು ಲೇನ್ ಆಗಿದೆ, ಕುಂಬಳೆಯಲ್ಲಿ ಹತ್ತಿ ತಲಪಾಡಿ ಮುಟ್ಟಿ ವಾಪಸ್ ಬಂದ್ರೆ ಆಯಿಲ್ ಚೆನ್ನಾಗಿ ಬಿಸಿ ಆಗಿ ಸೇರಿದ ನೀರೂ ಪೆಟ್ರೋಲೂ ಹೆಚ್ಚಿನಂಶ ಆರಿ ಹೋಗ್ತದೆ, ಬ್ಯಾಟರಿಗೂ ಆಯ್ತು, ಬ್ರೇಕ್ ಡಿಸ್ಕಿನ ತುಕ್ಕೂ ಹೋಯ್ತು, ಟಯರೂ ಒಂದೇ ಕಡೆ ಚಪ್ಪಟೆ ಆಗುವುದಿಲ್ಲ. ಆದ್ರೆ ಸೇರಿದ ಆಸಿಡ್, ಮುಗಿದ ಕ್ಷಾರ ಇದು ಯಾವುದೂ ಓಡಿಸಿದ್ರೆ ಸರಿ ಆಗುವಂಥದ್ದಲ್ಲ, ಅದಕ್ಕೆ ಬದಲಿಸುವುದೇ ದಾರಿ.

ನಿಮ್ಮ ಕಾರಿನ ಸ್ಥಿತಿ ಹೇಗುಂಟು ಅಂತ ನೋಡ್ಬೇಕಾದ್ರೆ ಇಂಜಿನ್ ತಣಿದ ಮೇಲೆ ಬಾನೆಟ್ ಎತ್ತಿ ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ಅಡಿಭಾಗ ನೋಡಿ. ಮಾವನ ಕಾರಿನದ್ದು ಜುಲೈಯಲ್ಲಿ ತೆಗ್ದಾಗ ಅಡಿಯಲ್ಲಿ ಹಳದಿ ಮಿಶ್ರಿತ ಬಿಳಿ ಕೆನೆ ಕಟ್ಟಿತ್ತು, ಮಾವನಿಗೆ ಹೆದರಿಕೆಯೇ ಆಯ್ತು, ಇಂಜಿನ್ ಬಿಚ್ಬೇಕಾ ಅಂತ ಕೇಳಿದ್ರು. "ಬೇಡ ಮಾವ, ಇದನ್ನು ಒರಸಿ, ಕಾರು ತಕ್ಕೊಂಡು ಒಮ್ಮೆ ತಲಪಾಡಿಗೆ ಹೋಗಿ ಬನ್ನಿ, ಮತ್ತೆ ನೋಡುವ" ಅಂದೆ, ಹೋಗಿ ಬಂದ್ರು, ಆಮೇಲೆ ಕಟ್ಲಿಲ್ಲ. ಮುಚ್ಚಳದ ಅಡಿಯಲ್ಲಿ ಮಾತ್ರ ಕೆನೆ ಇದ್ರೆ ಅದು ಹೆಚ್ಚಾಗಿ ಸಣ್ಣ ಓಟದ ನೀರು. ಲೆವೆಲ್ ನೋಡುವ ಕಡ್ಡಿ, ಡಿಪ್‌ಸ್ಟಿಕ್ಕಿನಲ್ಲಿಯೇ ಆಯಿಲ್ ಬಿಳಿ ಬಿಳಿ ಕಾಣ್ತದೆ, ಕೂಲೆಂಟೂ ಕಮ್ಮಿ ಆಗ್ತಾ ಉಂಟು ಅಂತಾದ್ರೆ ಅದು ಬೇರೆ ಕಥೆ, ಇಂಜಿನಿನ ಮೇಲ್ಭಾಗದ ಸೀಲ್, ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲಿಗೆ ಬರ್ತಿರ್ಬಹುದು, ಮತ್ತೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕನ್ನು ಮನೆಗೇ ಕರೆಸಿ. ಇನ್ನು ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ. ಆಯಿಲ್ ಕಪ್ಪು ಆಗುವುದು ಅಂದ್ರೆ ಅದು ಮಸಿಯನ್ನು ಹಿಡ್ಕೊಂಡು ತನ್ನ ಕೆಲಸ ಮಾಡ್ತಾ ಉಂಟು ಅಂತ, ಜೇನಿನ ಬಣ್ಣದಲ್ಲೇ ಇದ್ದ ಆಯಿಲಿನಲ್ಲಿ ಕ್ಷಾರ ಮುಗಿದಿರ್ಲೂಬಹುದು, ಕಣ್ಣಿಗೆ ಗೊತ್ತಾಗುವುದಿಲ್ಲ.

ಡೀಸೆಲ್ ಕಾರಿನವರು ಇನ್ನೂ ಜಾಗ್ರತೆ. ಬಿಎಸ್6 ಡೀಸೆಲಲ್ಲಿ ಡಿಪಿಎಫ್ ಅಂತ ಮಸಿಯ ಫಿಲ್ಟರ್ ಉಂಟಲ್ಲ, ಅದನ್ನು ಸುಟ್ಟು ಕ್ಲೀನ್ ಮಾಡ್ಲಿಕ್ಕೆ ಹೆಚ್ಚಿನ ಕಾರುಗಳಲ್ಲಿ ಸಿಲಿಂಡರಿಗೇ ಜಾಸ್ತಿ ಡೀಸೆಲ್ ಬಿಡ್ತದೆ, ಸಣ್ಣ ಓಟದಲ್ಲಿ ಆ ಕೆಲಸ ಅರ್ಧಕ್ಕೇ ನಿಂತು ನಿಂತು ಡೀಸೆಲ್ ಚೇಂಬರಿಗೆ ಇಳ್ದು ಆಯಿಲಿನ ಲೆವೆಲ್ಲೇ ಏರ್ತದೆ. ಆಯಿಲ್ ಕಮ್ಮಿ ಆಗದೆ ಜಾಸ್ತಿ ಆಯ್ತು ಅಂತ ಖುಷಿ ಪಡುವ ವಿಷಯ ಅಲ್ಲ, ಡಿಪ್‌ಸ್ಟಿಕ್ಕಿನ ಮ್ಯಾಕ್ಸ್ ಗೆರೆ ದಾಟಿದ್ರೆ ತಾರೀಖು ನೋಡದೆ ಬದಲಿಸಿ. ವಾರದಲ್ಲಿ ಎರಡು ಸಲ ಪೇಟೆಗೆ ಹೋಗ್ಲಿಕ್ಕೆ ಮಾತ್ರ ಅಂತಾದ್ರೆ ಡೀಸೆಲ್ ಕಾರು ತೆಗೀಲೇಬಾರ್ದು, ಇದು ನನ್ನ ಗಟ್ಟಿ ಅಭಿಪ್ರಾಯ.

ಆರು ತಿಂಗಳಿಗೊಮ್ಮೆ ಮಾಡ್ಬೇಕಾ ಅಂತ ಕೆಲವರು ಕೇಳ್ತಾರೆ. ಲಾಂಗ್ ಓಡಿಸುವವರೇ ಮನೆಯಲ್ಲಿ ಇಲ್ಲ, ಬರೇ ಎರಡು ಕಿಲೋಮೀಟರಿನ ಓಟ ಅಂತಾದ್ರೆ ಪತ್ತನಾಜೆಗೊಮ್ಮೆ, ಮಳೆ ಮುಗ್ದು ದೀಪಾವಳಿ ಹೊತ್ತಿಗೆ ಇನ್ನೊಮ್ಮೆ ಅಂತ ಮಾಡಿದ್ರೆ ತಪ್ಪಲ್ಲ. ಹದಿನೈದು ದಿನಕ್ಕೊಮ್ಮೆ ಬಿಸಿ ಆಗುವ ಕಾರಿಗೆ ಅದು ಬೇಡ. ಇನ್ನೊಂದು ಬದಿಯಲ್ಲಿ, ಕಮ್ಮಿ ಓಡಿಸಿದ್ರೂ ತೆಗೆದಾಗ ಮೈಸೂರು, ಬೆಂಗಳೂರು ಅಂತ ಉದ್ದಕ್ಕೆ ಹೋಗುವವರ ಕಾರಿನಲ್ಲಿ ಫುಲ್ ಸಿಂಥೆಟಿಕ್ ಇದ್ರೆ ವರ್ಷ ಕಳೆದು ಎರಡು ಮೂರು ತಿಂಗಳು ಆಯ್ತು ಅಂತ ನಿದ್ದೆ ಬಿಡ್ಬೇಕಾಗಿಲ್ಲ. ಯುರೋಪಿನಲ್ಲಿ ಎರಡು ವರ್ಷದ ಲೆಕ್ಕ ಇಟ್ಟ ಕಾರುಗಳೂ ಉಂಟು, ಆದ್ರೆ ಅದಕ್ಕೆ ಅಂತಲೇ ಮಾಡಿದ ಆಯಿಲ್ ಬೇರೆ, ಅದನ್ನು ನೋಡಿ ನಾವು ಇಲ್ಲಿ ಎಳೆಯುವುದು ಬೇಡ. ವಾರಂಟಿ ಇದ್ರಂತೂ ತಾರೀಖು ತಪ್ಪಿಸ್ಲೇಬೇಡಿ, ನಾಳೆ ಇಂಜಿನಿಗೆ ಏನಾದ್ರೂ ಆದ್ರೆ ಮೊದಲು ಕೇಳುವುದು ಸರ್ವಿಸಿನ ದಾಖಲೆ.

ಖರ್ಚು ಅಂತ ನೋಡಿದ್ರೆ ಸಣ್ಣ ಪೆಟ್ರೋಲ್ ಕಾರಿಗೆ ಬೇಕಾಗುವುದು ಮೂರು, ಮೂರೂವರೆ ಲೀಟರ್ ಆಯಿಲ್. ಗ್ರೇಡ್, ಅಂದ್ರೆ ಆಯಿಲ್ ಎಷ್ಟು ದಪ್ಪ ಅನ್ನುವ ನಂಬ್ರ, ಮ್ಯಾನುವಲಲ್ಲಿ ಇದ್ದದ್ದೇ ಹಾಕ್ಸಿ, 0ಡಬ್ಲ್ಯೂ-16 ಅಥವಾ 0ಡಬ್ಲ್ಯೂ-20 ಹೇಳಿದ ಹೊಸ ಇಂಜಿನಿಗೆ ನಮ್ಮದು ಸೆಕೆಯ ಊರು ಅಂತ 20ಡಬ್ಲ್ಯೂ-40 ಹಾಕಿಸುವ ಕೆಲಸ ಬೇಡ. ಫಿಲ್ಟರ್ ಪ್ರತಿ ಸಲ ಹೊಸತು, ಹಳೆ ಫಿಲ್ಟರಿನ ಒಳಗೆ ಹಳೆ ಆಯಿಲ್ ನಿಂತಿರ್ತದೆ. ಡ್ರೈನ್ ಬೋಲ್ಟಿನ ವಾಷರೂ ಹೊಸತು. ಆಯಿಲ್ ಬಿಸಿ ಇರುವಾಗ ಇಳಿಸಿದ್ರೆ ಕೊಳೆ ಎಲ್ಲ ಜೊತೆಗೇ ಇಳೀತದೆ. ಇಂಜಿನ್ ಫ್ಲಶ್, ಅದಕ್ಕೊಂದು ಬಾಟ್ಲಿ ಇದಕ್ಕೊಂದು ಬಾಟ್ಲಿ ಅಂತ ಕೌಂಟರಲ್ಲಿ ಹೇಳಿದ್ರೆ ಬೇಡ ಅನ್ನಿ, ವರ್ಷ ವರ್ಷ ಬದಲಿಸುವ ಇಂಜಿನಿಗೆ ಅದರ ಅಗತ್ಯ ಇಲ್ಲ. ತಾರೀಖು ಮತ್ತು ಮೀಟರ್ ರೀಡಿಂಗ್ ಒಂದು ಚೀಟಿಯಲ್ಲಿ ಬರ್ದು ಬಾನೆಟ್ಟಿನ ಒಳಗೆ ಅಂಟಿಸಿ, ನೀವು ಊರಲ್ಲಿ ಇಲ್ಲದಿದ್ರೂ ಮನೆಯವರಿಗೆ ಗೊತ್ತಾಗ್ತದೆ. ನಮ್ಮ ಪೇಟೆಯ ವರ್ಕ್‌ಶಾಪಿನ ಇಕ್ಕ (ಅಣ್ಣ) ಇದನ್ನು ಕೇಳದೆಯೇ ಮಾಡಿ ಕೊಡ್ತಾರೆ, ಓಡುವ ಬಂಡಿಗಿಂತ ನಿಂತ ಬಂಡಿಯೇ ತನಗೆ ಜಾಸ್ತಿ ಕೆಲಸ ಕೊಡ್ತದೆ ಅಂತ ಅವರ ಅನುಭವ.

ಮನೆಯಲ್ಲೇ ಬದಲಿಸುವವರಿಗೆ ಒಂದು ಕೇಳಿಕೆ ಉಂಟು. ಇಳಿಸಿದ ಹಳೆ ಆಯಿಲನ್ನು ಒರಲೆಗೆ (ಗೆದ್ದಲಿಗೆ) ಅಂತ ಬೇಲಿ ಕಂಬದ ಬುಡಕ್ಕೆ, ತೋಟದ ಬದಿಗೆ, ತೋಡಿಗೆ ಹೊಯ್ಯುವುದು ನಮ್ಮಲ್ಲಿ ಈಗಲೂ ನಡೀತದೆ. ಸರಕಾರದ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ, ಮರುಬಳಕೆಗೆ ಹೋಗ್ಬೇಕಾದದ್ದು. ನಿಯಮ ಇರ್ಲಿ, ನಮ್ಮ ಗುಡ್ಡೆಯ ಮುರಕಲ್ಲು (ಜಂಬಿಟ್ಟಿಗೆ) ಮೇಲೆ ಬಿದ್ದದ್ದನ್ನೆಲ್ಲ ಕೆಳಗೆ ಇಳಿಸ್ತದೆ, ಆ ಗುಡ್ಡೆಯ ಹೊಟ್ಟೆಯಲ್ಲೇ ನೀರಿಗಾಗಿ ಅಡ್ಡಕ್ಕೆ ಕೊರೆದ ನಮ್ಮ ಸುರಂಗಗಳು ಇರುವುದು, ಬಾಯಾರು, ಪಡ್ರೆ ಕಡೆ ಎಷ್ಟೋ ಮನೆಯವರು ಇವತ್ತಿಗೂ ಕುಡಿಯುವುದು ಸುರಂಗದ ನೀರು. ಎಂಡೋಸಲ್ಫಾನ್ ಕೀಟನಾಶಕದ ನೋವು ತಿಂದ ಊರು ನಮ್ಮದು. ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಮುಂದಿನ ಸಲ ಪೇಟೆಗೆ ಹೋಗುವಾಗ ವರ್ಕ್‌ಶಾಪಿಗೆ ಕೊಡಿ, ಅವರ ಡ್ರಮ್ಮಿನಿಂದ ಹಳೆ ಆಯಿಲ್ ತಕ್ಕೊಂಡು ಹೋಗ್ಲಿಕ್ಕೆ ಜನ ಬರ್ತಾರೆ.