ತೊಂಬತ್ತರ ನಡುಕ ನಿಂತಿತು

90ರ ವೇಗದಲ್ಲಿ ನಮ್ಮ ಹಳೆಯ ಹೋಂಡಾ ಸಿಟಿಯ ಸ್ಟಿಯರಿಂಗಿನಲ್ಲಿ ಬರುತ್ತಿದ್ದ ನಡುಕ ನಿಂತಿತು. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ಹೆದ್ದಾರಿಯಲ್ಲಿ 80, 90, 95, 100 ಎಂದು ವೇಗವನ್ನು ಹಂತಹಂತವಾಗಿ ಏರಿಸುತ್ತ ಹೋದೆ. ಸ್ಟಿಯರಿಂಗ್ ಮಿಸುಕಲಿಲ್ಲ. ಕುಂಬಳೆ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಅಮ್ಮನಿಗೆ ನಿದ್ದೆ ಹತ್ತಿತ್ತು. ಈ ಕಾರಿನಲ್ಲಿ ಅವರು ನಿದ್ದೆ ಮಾಡಿದ್ದು ಇದೇ ಮೊದಲು. ಕಾರಣ ಒಂದಲ್ಲ, ಎರಡು. ಒಂದನ್ನು ಸರಿಪಡಿಸಿದರೆ ಇನ್ನೊಂದು ಉಳಿಯುತ್ತಿತ್ತು, ಹಾಗಾಗಿಯೇ ಇಷ್ಟು ಸತಾಯಿಸಿತು.

ಕಾರು ಯಾವುದು, ಯಾಕೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. 2014ರಲ್ಲಿ ಮಾರುಕಟ್ಟೆಗೆ ಬಂದ ನಾಲ್ಕನೆಯ ತಲೆಮಾರಿನ ಹೋಂಡಾ ಸಿಟಿ, 1.5 ಲೀಟರ್ ಪೆಟ್ರೋಲ್, ಕೈಗಿಯರ್. ಮಂಗಳೂರಿನ ಭಾವ ಕೊನೆಯವರೆಗೂ ಎತ್ತರದ ಡೀಸೆಲ್ ಗಾಡಿಯ ಪರವಾಗಿ ವಾದಿಸಿದರು. ನಮ್ಮ ಮನೆಯ ಓಡಾಟ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಮಡಿಕೇರಿ ಹಾದಿಯಲ್ಲಿ ಬೆಂಗಳೂರಿಗೆ. ಸಂಪಾಜೆಯಿಂದ ಮೇಲಿನ ತಿರುವುಗಳಲ್ಲಿ ಎತ್ತರದ ಗಾಡಿ ವಾಲಿದಾಗಲೆಲ್ಲ ಅಮ್ಮನಿಗೆ ಹೊಟ್ಟೆ ತೊಳಸುತ್ತದೆ. ನೆಲಕ್ಕೆ ಹತ್ತಿರ ಕುಳಿತು ಹೋಗುವ ಸೆಡಾನಿನಲ್ಲಿ ಆ ತೊಂದರೆ ಕಡಿಮೆ. ಹೀಗಾಗಿ ಸೆಡಾನ್ ಎಂಬುದು ಅಮ್ಮನ ತೀರ್ಮಾನ, ಅದಕ್ಕೆ ಮೇಲ್ಮನವಿ ಇಲ್ಲ.

ಸ್ಪರ್ಧೆಯಲ್ಲಿ ಗಟ್ಟಿಯಾಗಿ ನಿಂತದ್ದು ಮಾರುತಿ ಸಿಯಾಜ್. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2650 ಮಿ.ಮೀ., ಸಿಟಿಯದು 2600. ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಸಿಗುವ ಜಾಗದಲ್ಲಿ ಸಿಯಾಜ್ ಮುಂದು, ಅದನ್ನು ಒಪ್ಪಲೇಬೇಕು. ಡಿಕ್ಕಿ ಎರಡರಲ್ಲೂ 510 ಲೀಟರ್. ಕೊನೆಗೆ ತೂಕ ಹಾಕಿದ್ದು ಕಾರಿನ ಇತಿಹಾಸ. ಗಲ್ಫಿನಲ್ಲಿರುವವರೊಬ್ಬರ ಕಾರು ಇದು. ರಜೆಯಲ್ಲಿ ಬಂದಾಗ ಮಾತ್ರ ಓಡಿಸಿದ್ದು, ಉಳಿದಂತೆ ಶೆಡ್ಡಿನಲ್ಲಿ ನಿಂತದ್ದು. ನೋಂದಣಿ ಕೆಎಲ್ 14, ಅಂದರೆ ನಮ್ಮ ಕಾಸರಗೋಡಿನದೇ. ಮಂಗಳೂರಿನಲ್ಲಿ ಕರ್ನಾಟಕ ನೋಂದಣಿಯ, ಕೆಎ 19ರ ಒಳ್ಳೊಳ್ಳೆಯ ಕಾರುಗಳು ಕಣ್ಣು ಕುಕ್ಕುತ್ತವೆ. ಆದರೆ ನಿರಾಕ್ಷೇಪಣಾ ಪತ್ರ, ಕೇರಳದ ತೆರಿಗೆ, ಮರುನೋಂದಣಿ ಎಂದು ಗಡಿಯ ಈಚೆಗಿನ ನಾವು ಸುತ್ತಬೇಕಾದ ಸುತ್ತು ಸಣ್ಣದಲ್ಲ. 2018ರ ನೆರೆಯ ನಂತರ ಕೇರಳದಲ್ಲಿ ಹಳೆಯ ಕಾರು ಕೊಳ್ಳುವವರು ಮಾಡುವ ಪರೀಕ್ಷೆಯನ್ನೂ ಮಾಡಿದೆ. ಸೀಟ್ ಬೆಲ್ಟುಗಳನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಹುಡುಕಿದೆ. ಸ್ವಚ್ಛ. ನಿಂತೇ ಹಳತಾಗಿದ್ದ ಟಯರುಗಳನ್ನು ಬದಲಾಯಿಸಿ, ಎಣ್ಣೆ, ಬೆಲ್ಟ್, ಬ್ಯಾಟರಿ ಮುಂತಾದ ವಾಡಿಕೆಯ ಕೆಲಸಗಳನ್ನೆಲ್ಲ ಮುಗಿಸಿದೆ.

ಆಮೇಲೆ ಶುರುವಾಯಿತು ನಡುಕ. 80ರವರೆಗೆ ಏನೂ ಇಲ್ಲ. 85ಕ್ಕೆ ಸ್ಟಿಯರಿಂಗ್ ಕೈಯಲ್ಲಿ ಗುಂಯ್‌ಗುಡತೊಡಗುತ್ತದೆ, 90ರಿಂದ 95ರ ನಡುವೆ ಉತ್ಕಟ, 105 ದಾಟಿದರೆ ಮತ್ತೆ ಮೆತ್ತಗೆ. ಬದಿಯಡ್ಕದ ಒಳರಸ್ತೆಯಲ್ಲಿ ಇದು ಯಾವ ಕಾಲಕ್ಕೂ ಪತ್ತೆಯಾಗುತ್ತಿರಲಿಲ್ಲ. ಹೊಸ ಹೆದ್ದಾರಿಯಲ್ಲಿ 90ನ್ನು ಸತತವಾಗಿ ಹಿಡಿದು ಹೋಗಲು ಸಾಧ್ಯವಾದ್ದರಿಂದ ರೋಗ ಹೊರಬಿತ್ತು. ದೂರದ ಪಯಣದಲ್ಲಿ ಮೈ ನೋಯಿಸುವುದು ದೊಡ್ಡ ಹೊಂಡಗಳಲ್ಲ, ಗಂಟೆಗಟ್ಟಲೆ ಬಿಡದೆ ಬರುವ ಇಂಥ ಸಣ್ಣ ನಡುಕ. ಅದು ಮೊಣಕೈಗೆ, ಹೆಗಲಿಗೆ, ಸೊಂಟಕ್ಕೆ ಇಳಿಯುತ್ತದೆ. ಸೀಟು ಎಷ್ಟೇ ಮೆತ್ತಗಿದ್ದರೂ ಪ್ರಯೋಜನವಿಲ್ಲ.

ಸಂದೇಹಗಳನ್ನು ಒಂದೊಂದಾಗಿ ಕಳೆದೆ. 95ರಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದರೂ ನಡುಕ ಹಾಗೆಯೇ ಇತ್ತು. ಅಲ್ಲಿಗೆ ಎಂಜಿನ್ ಮತ್ತು ಅದನ್ನು ಹಿಡಿದಿಡುವ ಮೌಂಟುಗಳು ನಿರ್ದೋಷಿ. ಬ್ರೇಕ್ ಒತ್ತಿದಾಗ ಹೆಚ್ಚಾಗುವುದಿಲ್ಲ, ಹಾಗಾಗಿ ಡಿಸ್ಕ್ ಅಲ್ಲ. ಆಕ್ಸಿಲರೇಟರ್ ತುಳಿದರೂ ಬಿಟ್ಟರೂ ಒಂದೇ ಸಮ, ಹಾಗಾಗಿ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಜಾಯಿಂಟ್ ಅಲ್ಲ. ಸೀಟಿಗಿಂತ ಸ್ಟಿಯರಿಂಗಿನಲ್ಲೇ ಜಾಸ್ತಿ, ಅಂದರೆ ಮುಂದಿನ ಚಕ್ರಗಳೇ. ಲೆಕ್ಕವೂ ಅದನ್ನೇ ಹೇಳುತ್ತದೆ. ನಮ್ಮ ಕಾರಿನ 175/65 ಆರ್15 ಅಳತೆಯ ಟಯರಿನ ಸುತ್ತಳತೆ ಸುಮಾರು 1.91 ಮೀಟರ್. 90 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 25 ಮೀಟರ್. ಚಕ್ರ ಸೆಕೆಂಡಿಗೆ 13 ಸುತ್ತು ತಿರುಗುತ್ತದೆ. ಫೋನಿನಲ್ಲಿರುವ ಕಂಪನ ಅಳೆಯುವ ಆ್ಯಪ್ ಡ್ಯಾಶ್‌ಬೋರ್ಡಿನ ಮೇಲೆ ತೋರಿಸಿದ್ದೂ 13ರ ಆಸುಪಾಸಿನ ಶಿಖರವನ್ನೇ. ಚಕ್ರದ ಒಂದು ಸುತ್ತಿಗೆ ಒಂದು ಗುದ್ದು. ಇನ್ನು ಸಂದೇಹಕ್ಕೆ ಎಡೆಯೇ ಇಲ್ಲ.

ಹಾಗಾದರೆ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಸಮನಾಗುವಂತೆ ರಿಮ್ಮಿಗೆ ಸಣ್ಣ ತೂಕದ ತುಂಡುಗಳನ್ನು ಅಂಟಿಸುವುದು. ಹುಚ್ಚು ಹಿಡಿಸಿದ ಅಧ್ಯಾಯ ಇದೇ. ಯಂತ್ರಕ್ಕೆ ಏರಿಸಿದಾಗಲೆಲ್ಲ ಒಳಗೆ ಸೊನ್ನೆ, ಹೊರಗೆ ಸೊನ್ನೆ. ಅಂಗಡಿ ಬದಲಾಯಿಸಿದೆ, ಅಲ್ಲೂ ಸೊನ್ನೆ. ರಿಮ್ ಬಾಗಿಲ್ಲ, ಟಯರ್ ಉಬ್ಬಿಲ್ಲ. "ಮಾಷೇ, ಚಕ್ರದಲ್ಲಿ ಏನೂ ಇಲ್ಲ, ರಸ್ತೆಯದೇ ಇರಬೇಕು" ಎಂದರು ಒಬ್ಬರು. ಅದೇ ರಸ್ತೆಯಲ್ಲಿ ಭಾವನ ಕಾರು ನೀರಿನ ಹಾಗೆ ಹೋಗುತ್ತದೆ! ಆದರೆ ಒಂದು ವಿಷಯ ನನ್ನನ್ನು ಬಿಡಲಿಲ್ಲ. ಚಕ್ರವನ್ನು ಕಳಚಿ ಮತ್ತೆ ಕೂರಿಸಿದಾಗಲೆಲ್ಲ ನಡುಕದ ಪ್ರಮಾಣ ಬೇರೆಯಾಗುತ್ತಿತ್ತು. ಒಮ್ಮೆ ಅರ್ಧಕ್ಕೆ ಇಳಿದು ಸಂತೋಷವಾಗುತ್ತಿತ್ತು, ಇನ್ನೊಮ್ಮೆ ಮೊದಲಿಗಿಂತ ಹೆಚ್ಚು. ಚಕ್ರದಲ್ಲೇ ದೋಷವಿದ್ದರೆ ಅದು ಹೀಗೆ ದಿನಕ್ಕೊಂದು ರೂಪ ತಾಳುವುದಿಲ್ಲ. ದೋಷ ಇರುವುದು ಚಕ್ರ ಕೂರುವ ರೀತಿಯಲ್ಲಿ.

ಖಚಿತಪಡಿಸಿಕೊಳ್ಳಲು ಡಿಕ್ಕಿಯಲ್ಲಿದ್ದ ಮೂಲ ಉಕ್ಕಿನ ಸ್ಟೆಪ್ನಿಯನ್ನು ಮುಂದಿನ ಎಡಗಡೆಗೆ ಹಾಕಿದೆ. ಎಡಗೈಯ ಗುಂಯ್ ಹೋಯಿತು, ಬಲಗಡೆಯದು ಮಾತ್ರ ಉಳಿಯಿತು. ನೆಲದ ಮೇಲೆ ಮಲಗಿದ್ದ ಅಲಾಯ್ ಚಕ್ರದ ನಡುವಿನ ತೂತಿಗೆ ವರ್ನಿಯರ್ ಹಿಡಿದೆ: 73.1 ಮಿ.ಮೀ. ಆ ತೂತು ಕೂರಬೇಕಾದ ಕಾರಿನ ಕಡೆಯ ಉಬ್ಬಿಗೆ ಹಬ್ ಎನ್ನುತ್ತಾರೆ; ಸಿಟಿಯ ಹಬ್ಬಿನ ವ್ಯಾಸ 56.1. ಹಳೆಯ ಮಾಲೀಕರು ಹಾಕಿಸಿದ್ದು ಹೋಂಡಾದ್ದಲ್ಲದ, ಹೊರಗಿನ ಅಲಾಯ್. ಹತ್ತಾರು ಬಗೆಯ ಕಾರುಗಳಿಗೆ ಒಂದೇ ಚಕ್ರ ಹೊಂದಬೇಕೆಂದು ಇಂಥವುಗಳ ತೂತನ್ನು ದೊಡ್ಡದಾಗಿಯೇ ಕೊರೆದಿರುತ್ತಾರೆ. ನಡುವೆ ಆ ಸಂದನ್ನು ತುಂಬುವ ಬಳೆ, ಹಬ್ ರಿಂಗ್, ಇರಬೇಕಿತ್ತು. ಇರಲಿಲ್ಲ.

ಬ್ಯಾಲೆನ್ಸಿಂಗ್ ಯಂತ್ರದ ಸೊನ್ನೆಯ ಗುಟ್ಟು ಇಲ್ಲೇ ಇದೆ. ಯಂತ್ರ ಚಕ್ರವನ್ನು ಹಿಡಿಯುವುದು ನಡುತೂತಿಗೆ ಕೋನ್ ತುರುಕಿ. ಹಾಗಾಗಿ ಅಲ್ಲಿ ಕೇಂದ್ರ ಕರಾರುವಾಕ್ಕಾಗಿ ಸಿಗುತ್ತದೆ. ಕಾರಿನ ಮೇಲೆ ಅದೇ ತೂತು ಗಾಳಿಯಲ್ಲಿ ತೇಲುತ್ತದೆ, ಕೇಂದ್ರ ಹುಡುಕುವ ಕೆಲಸವೆಲ್ಲ ನಾಲ್ಕು ನಟ್‌ಗಳ ಹೆಗಲಿಗೆ. ಯಂತ್ರ ಹೇಳಿದ್ದು ಸತ್ಯ, ಆದರೆ ಅದು ಯಂತ್ರದ ಮೇಲಿನ ಸತ್ಯ.

ರಿಂಗ್ ತರಿಸಿದೆ. ಇಲ್ಲಿ ಸರಬರಾಜುದಾರರ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಪೊಟ್ಟಣದ ಮೇಲೆ 73.1–56.1 ಎಂದೇ ಇತ್ತು. ಹಾಕಿದೆ, ನಡುಕ ಕಡಿಮೆಯಾಯಿತು, ಹೋಗಲಿಲ್ಲ. ಕಳಚಿ ಅಳೆದರೆ ಒಳವ್ಯಾಸ 57.1! ಅದು ಫೋಕ್ಸ್‌ವ್ಯಾಗನ್ ಕಾರುಗಳ ಹಬ್ಬಿನ ಅಳತೆ. ಫೋನ್ ಮಾಡಿದರೆ "ಒಂದು ಮಿಲಿಮೀಟರ್ ತಾನೇ, ಪ್ಲಾಸ್ಟಿಕ್ ಅಲ್ಲವೇ, ಓಡುತ್ತ ಓಡುತ್ತ ಕೂರುತ್ತದೆ" ಎಂಬ ಉತ್ತರ. ಕೂರುವುದಿಲ್ಲ, ಸ್ವಾಮೀ. ವ್ಯಾಸದಲ್ಲಿ ಒಂದು ಮಿ.ಮೀ. ಸಡಿಲವೆಂದರೆ ಕೇಂದ್ರ ಅರ್ಧ ಮಿ.ಮೀ. ಜಾರಬಹುದು. ಟಯರ್ ಸೇರಿ ಚಕ್ರದ ತೂಕ ಸುಮಾರು 15 ಕಿಲೋ. ಅಷ್ಟು ತೂಕ ಅರ್ಧ ಮಿ.ಮೀ. ಜಾರಿದರೆ ರಿಮ್ಮಿನ ಅಂಚಿನಲ್ಲಿ 40 ಗ್ರಾಂ ಸೀಸ ತಪ್ಪು ಜಾಗದಲ್ಲಿ ಅಂಟಿಸಿದ್ದಕ್ಕೆ ಸಮ. ಬ್ಯಾಲೆನ್ಸಿಂಗಿನವರು 5 ಗ್ರಾಂ ತುಂಡುಗಳನ್ನು ಹಿಡಿದು ಲೆಕ್ಕ ಹಾಕುತ್ತಾರೆ, ಇಲ್ಲಿ 40! 90ರ ವೇಗದಲ್ಲಿ ಅದು ಐದು ಕಿಲೋ ತೂಕದಷ್ಟು ಬಲವಾಗಿ ಸೆಕೆಂಡಿಗೆ 13 ಬಾರಿ ಹಬ್ಬನ್ನು ಜಗ್ಗುತ್ತದೆ. ಅಳತೆಯನ್ನೇ ಮಾರಿ ಬದುಕುವವರು ಅಳತೆಯನ್ನು ಇಷ್ಟು ಹಗುರವಾಗಿ ಕಾಣುವುದು ನನಗೆ ಅರ್ಥವಾಗುವುದಿಲ್ಲ. ಬದಲಿಯಾಗಿ ಕಳಿಸಿದ ಪೊಟ್ಟಣದಲ್ಲೂ 57.1 ಇತ್ತು. ಅಲ್ಲಿಗೆ ಆ ವ್ಯವಹಾರ ಮುಗಿಸಿದೆ.

ಲೇತ್ ಇರುವಾಗ ಪ್ಲಾಸ್ಟಿಕ್ ಯಾಕೆ? ನಮ್ಮ ಕಡೆ ತೋಟದ ಪಂಪುಗಳ ಶಾಫ್ಟ್ ತಿರುವಿಕೊಡುವ ಲೇತಿನವರೊಬ್ಬರಿದ್ದಾರೆ. ಅಲ್ಯೂಮಿನಿಯಂ ತುಂಡು, ಅಳತೆಯ ಚೀಟಿ ಎರಡನ್ನೂ ಅವರ ಮುಂದಿಟ್ಟು ಕಥೆ ಹೇಳಿದೆ. ಅವರು ಕನ್ನಡಕ ಏರಿಸಿ, "ಅರ್ಧ ಮಿಲಿಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಗದ್ದೆಯಷ್ಟು ಜಾಗ, ಮಾಷೇ" ಎಂದರು. ಆ ಮಾತು ಕೇಳಿಯೇ ನನ್ನ ಅರ್ಧ ಸಿಟ್ಟು ಇಳಿಯಿತು.

ಅವರ ಬೆಂಚಿನ ಮೇಲೆ ಒಂದು ಹಳೆಯ ಬ್ರೇಕ್ ಡ್ರಮ್ ಇತ್ತು. ಅದನ್ನು ಕಂಡ ಕ್ಷಣದಿಂದ ಪೆರ್ಲದ ಸೋದರಮಾವನ ಅಡಿಕೆ ಶೆಡ್ಡಿನ ಮೂಲೆಯಲ್ಲಿ ನಿಂತಿರುವ ಪ್ರೀಮಿಯರ್ ಪದ್ಮಿನಿ ತಲೆಯಿಂದ ಇಳಿಯುತ್ತಿಲ್ಲ. 1980ರ ದಶಕದ್ದು, 1089 ಸಿಸಿ, ಸ್ಟಿಯರಿಂಗ್ ಕಂಬದ ಪಕ್ಕದಲ್ಲೇ ಗಿಯರ್ ಕೋಲು, ಮುಂದೆ ಉದ್ದನೆಯ ಒಂದೇ ಸೀಟು. ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಹುಟ್ಟಿದ ಆ ಕಾರಿನಲ್ಲಿ ಕೂತಾಗ ಸಿಗುವ ಸೀಟಿನ ಎತ್ತರ, ತೊಡೆಗೆ ಸಿಗುವ ಆಧಾರ ಇಂದಿನ ಎಷ್ಟೋ ಕಾರುಗಳಲ್ಲಿ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಡ್ರಮ್ಮುಗಳನ್ನು ತಿರುವಿಸಬಹುದು, ಬ್ರೇಕಿನ ವೀಲ್ ಸಿಲಿಂಡರುಗಳಿಗೆ ಹೊಸ ರಬ್ಬರ್ ಹಾಕಬಹುದು, ಪೆಟ್ರೋಲ್ ಟ್ಯಾಂಕಿನ ತುಕ್ಕನ್ನು ಮೊದಲು ತೊಳೆಯಬೇಕು, ಆಮೇಲೆ ಕಾರ್ಬ್ಯುರೇಟರ್. ಮಾವ ಒಪ್ಪಿದರೆ ಮಳೆಗಾಲ ಮುಗಿದ ಮೇಲೆ ಅದೇ ಮುಂದಿನ ಯೋಜನೆ. ಅತ್ತೆ ಆಗಲೇ ಒಪ್ಪಿದ್ದಾರೆ, ಅಡಿಕೆ ಹರಗಲು ಜಾಗ ಸಿಗುತ್ತದೆ ಎಂದು.

ಸಿಟಿಗೆ ಬರೋಣ. ಲೇತಿನ ರಿಂಗ್ ಹಬ್ಬಿನ ಮೇಲೆ ಬೆರಳ ಒತ್ತಡಕ್ಕೆ ಜಾರಿ ಟಕ್ ಎಂದು ಕೂತಿತು. ಹೆದ್ದಾರಿಗೆ ಹೋದೆ. ನಡುಕದಲ್ಲಿ ಮುಕ್ಕಾಲು ಪಾಲು ಹೋಗಿತ್ತು. ಕಾಲು ಪಾಲು ಇತ್ತು! ಆ ಸಂಜೆ ಮನೆಯಲ್ಲಿ ನನ್ನೊಡನೆ ಯಾರೂ ಕಾರಿನ ವಿಷಯ ಎತ್ತಲಿಲ್ಲ.

ಉತ್ತರ ಸಿಕ್ಕಿದ್ದು ಅಲಾಯ್‌ನ ನಟ್ ತೂತಿನೊಳಗೆ. ಟಾರ್ಚ್ ಬಿಟ್ಟು ನೋಡಿದರೆ ಇಳಿಜಾರಾದ ಗೋಡೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಹೊಳೆಯುವ ಉಂಗುರ. ಇಡೀ ಇಳಿಜಾರು ನಟ್ಟಿಗೆ ತಾಗಬೇಕಿತ್ತು, ತಾಗಿದ್ದು ಆ ಒಂದು ಗೆರೆ ಮಾತ್ರ. ಹೋಂಡಾದ ಮೂಲ ನಟ್‌ಗಳ ತಳ ಗೋಲಾಕಾರದ್ದು, ಮೂಲ ಚಕ್ರಗಳ ತೂತೂ ಅದಕ್ಕೆ ಹೊಂದುವ ಬಟ್ಟಲಿನಂತಿರುತ್ತದೆ. ಸ್ಟೆಪ್ನಿ ಅಷ್ಟು ಚೆನ್ನಾಗಿ ಕೂತದ್ದು ಅದಕ್ಕೇ. ಹೊರಗಿನ ಅಲಾಯ್‌ಗಳಿಗೆ ಬೇಕಾದದ್ದು 60 ಡಿಗ್ರಿಯ ಶಂಕುವಿನಾಕಾರದ ನಟ್. ಚಕ್ರ ಬದಲಾಯಿಸಿದವರು ನಟ್ ಬದಲಾಯಿಸಿರಲಿಲ್ಲ. ಇದು ನಡುಕದ ಮಾತು ಮಾತ್ರವಲ್ಲ. ಗೆರೆಯಷ್ಟೇ ತಾಗುವ ನಟ್ ಓಡುತ್ತ ಸಡಿಲಾಗಬಹುದು. ಇಡೀ ಸಂಸಾರವನ್ನು ಕೂರಿಸಿಕೊಂಡು ಘಟ್ಟ ಇಳಿಯುವ ಕಾರು ಇದು. ಹೊರಗಿನ ಅಲಾಯ್ ಇರುವ ಹೋಂಡಾ ನಿಮ್ಮಲ್ಲಿದ್ದರೆ ಇಂದೇ ಒಂದು ನಟ್ ಬಿಚ್ಚಿ ಅದರ ತಳ ನೋಡಿ, ನಾಳೆಗೆ ಇಡಬೇಡಿ.

ಎಂ12, 1.5 ಪಿಚ್, 60 ಡಿಗ್ರಿ ಶಂಕುವಿನ 16 ನಟ್‌ಗಳು ಮಂಗಳೂರಿನಲ್ಲಿ ಸಿಕ್ಕವು. ಕೆಲವು ಅಂಗಡಿಗಳಲ್ಲಿ "ನಟ್ ಅಂದರೆ ನಟ್" ಎಂಬ ಪಾಠ ಕೇಳಬೇಕಾಯಿತು. ಕೊನೆಯ ಅಂಗಡಿಯ ಹುಡುಗ ಮಾತ್ರ ಕೇಳಿದ ಕೂಡಲೇ "ಗೋಲವೋ ಶಂಕುವೋ, ಸರ್?" ಎಂದ. ಅವನನ್ನು ಅಪ್ಪಿಕೊಳ್ಳಬೇಕೆನಿಸಿತು.

ಕೂರಿಸಿದ ಕ್ರಮ ಹೀಗಿದೆ. ಹಬ್ಬಿನ ತುಕ್ಕನ್ನು ತಂತಿಬ್ರಶ್ಶಿನಿಂದ ಪೂರ್ತಿ ತೆಗೆದೆ. ರಿಂಗಿನ ಒಳಮೈಗೆ ಗ್ರೀಸಿನ ತೆಳುವಾದ ಲೇಪ. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ಕಚ್ಚಿಕೊಂಡರೆ ಮುಂದೆ ಬಿಡಿಸುವುದು ಕಷ್ಟ. ನಟ್ ಕೂರುವ ಸ್ಟಡ್ಡಿಗೆ ಗ್ರೀಸ್ ಸೋಕಿಸಲಿಲ್ಲ, ಸೋಕಿದರೆ ಟಾರ್ಕಿನ, ಅಂದರೆ ತಿರುಗಿಸಿ ಬಿಗಿಯುವ ಬಲದ, ಲೆಕ್ಕವೇ ತಪ್ಪುತ್ತದೆ. ಚಕ್ರ ಗಾಳಿಯಲ್ಲಿರುವಾಗಲೇ ನಟ್‌ಗಳನ್ನು ಎದುರುಬದುರಾಗಿ ಕೈಯಿಂದ ತಿರುಗಿಸಿ ಕೂರಿಸಿ, ಇಳಿಸಿದ ಮೇಲೆ ಟಾರ್ಕ್ ರೆಂಚಿನಲ್ಲಿ 108 ನ್ಯೂಟನ್ ಮೀಟರ್. ಗಾಳಿಯ ಒತ್ತಡದಿಂದ ನಟ್ ಬಿಗಿಯುವ ಟಯರ್ ಅಂಗಡಿಯ ಗಾಳಿಗನ್ನನ್ನು ಹತ್ತಿರ ಬಿಡಲಿಲ್ಲ.

ಹಳೆಯ ನಟ್‌ಗಳನ್ನು ಎಸೆಯಬೇಡಿ. ಉಕ್ಕಿನ ಸ್ಟೆಪ್ನಿಗೆ ಬೇಕಾದದ್ದು ಗೋಲದ ತಳದ ನಟ್‌ಗಳೇ. ನಾಲ್ಕನ್ನು ಬಟ್ಟೆಯಲ್ಲಿ ಸುತ್ತಿ ಸ್ಟೆಪ್ನಿಯ ಬಟ್ಟಲಲ್ಲೇ ಇಟ್ಟಿದ್ದೇನೆ. ನಡುರಾತ್ರಿ ಸುಳ್ಯದ ಆಚೆ ಪಂಕ್ಚರ್ ಆದಾಗ ಇನ್ನೊಬ್ಬರಿಗೂ ಅರ್ಥವಾಗಲೆಂದು ಚೀಟಿಯನ್ನೂ ಬರೆದಿದ್ದೇನೆ.

ಇನ್ನು ಹಿಂದಿನ ಸೀಟು. ನಡುಕ ಹೋದ ಮೇಲೆ ಹಿಂದಿನ ಚಕ್ರಗಳ ಮೇಲಿನಿಂದ ಬರುವ ರಸ್ತೆಯ ಸದ್ದು ಕಿವಿಗೆ ಬೀಳತೊಡಗಿದೆ. ಡಿಕ್ಕಿಯ ಒಳಮೈಗೆ ಸದ್ದು ತಗ್ಗಿಸುವ ಬ್ಯೂಟೈಲ್ ರಬ್ಬರ್ ಹಾಳೆ ಅಂಟಿಸಬೇಕು, ಅಮ್ಮನ ತೊಡೆಯಡಿಗೆ ಸೀಟಿನ ಮುಂಭಾಗವನ್ನು ತುಸು ಎತ್ತರಿಸಬೇಕು. ಅದಕ್ಕೆ ತಕ್ಕ ಗಡಸುತನದ ಫೋಮ್ ಹುಡುಕಲು ಶನಿವಾರ ಕಾಸರಗೋಡಿಗೆ ಹೋಗುತ್ತಿದ್ದೇನೆ. ಅಮ್ಮನೂ ಬರುತ್ತಾರೆ, ಫೋಮಿನ ಮೇಲೆ ತಾವೇ ಕೂತು ನೋಡದೆ ಒಪ್ಪುವುದಿಲ್ಲವಂತೆ.