ಹಳೆ ಕಾರಿನ ಬಾನೆಟ್ ಎತ್ತುವವನು ಹೊಸ ಕಾರು ಕೊಳ್ಳುವವರಿಗೆ ಹೇಳುವ ಮಾತು

ಬಳ್ಳಾರಿಯಲ್ಲಿ ಹಳೆ ಕಾರುಗಳನ್ನು ಕೊಂಡು ಮಾರುವ ಅಂಗಡಿಯೊಂದರಲ್ಲಿ ಕಾರು ಪರೀಕ್ಷಿಸಿ ಬೆಲೆ ಕಟ್ಟುವುದು ನನ್ನ ಕೆಲಸ. ನಮ್ಮಲ್ಲಿಗೆ ಬರುವುದರಲ್ಲಿ ಹೆಚ್ಚಿನವು ನಾಲ್ಕು ಮೀಟರಿನೊಳಗಿನ ಹ್ಯಾಚ್‌ಬ್ಯಾಕ್‌ಗಳೇ, ಅಂದರೆ ಹಿಂದೆ ಡಿಕ್ಕಿ ಚಾಚಿಕೊಂಡಿರದ ಸಣ್ಣ ಕಾರುಗಳು. ಸ್ವಿಫ್ಟ್, ಬಲೆನೊ, ಐ20, ಆಲ್ಟ್ರೋಜ್, ಟಿಯಾಗೊ, ಆಗೊಮ್ಮೆ ಈಗೊಮ್ಮೆ ಪೋಲೋ ಅಥವಾ ಜಾಝ್. ಕೊಳ್ಳುವವರು ಕಾರಿನ ಮೊದಲ ದಿನವನ್ನು ನೋಡುತ್ತಾರೆ, ನಾನು ಏಳೆಂಟು ವರ್ಷ ಕಳೆದ ಮೇಲಿನ ದಿನವನ್ನು ನೋಡುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದ ಮೇಲೆ ಹೊಸ ಕಾರಿನ ವಿಚಾರ ಕೇಳಲೂ ಪರಿಚಯದವರು ಬರುತ್ತಿದ್ದಾರೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಅಂದ ನೋಡಬೇಕೋ, ಬಾಳಿಕೆ ನೋಡಬೇಕೋ, ಓಡಿಸುವ ಖುಷಿ ನೋಡಬೇಕೋ?

ತಿಳಿದವರ ಉತ್ತರ ಸಿದ್ಧವಾಗಿಯೇ ಇರುತ್ತದೆ. ಸಂಸಾರಸ್ಥರಿಗೆ ಬಾಳಿಕೆ ಸಾಕು, ಅಂದ ಚೆಂದವೆಲ್ಲ ಹುಡುಗರಿಗೆ ಎನ್ನುತ್ತಾರೆ. ನನ್ನ ಕೆಲಸ ನನಗೆ ಕಲಿಸಿದ್ದು ಬೇರೆ. ಮನಸ್ಸಿಗೆ ಹಿಡಿಸದ ಕಾರು, ಎಷ್ಟೇ ಗಟ್ಟಿಯದಾದರೂ, ಬೇಗ ಹಾಳಾಗುತ್ತದೆ.

ಬಾನೆಟ್ ಎತ್ತಿದೊಡನೆ ನಾನು ಬಿಚ್ಚುವುದು ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳನ್ನು. ಸಂಡೂರು, ತೋರಣಗಲ್ಲು ಕಡೆ ಓಡಾಡಿದ ಕಾರಾದರೆ ಫಿಲ್ಟರಿನ ಮಡಿಕೆಗಳಲ್ಲಿ ಅದಿರಿನ ಕೆಂಪು ಹುಡಿ ಕುಂಕುಮದಂತೆ ಕೂತಿರುತ್ತದೆ. ಸಿರುಗುಪ್ಪ, ಸಿಂಧನೂರು ಕಡೆಯದಾದರೆ ಎರೆ ಮಣ್ಣಿನ ಬೂದು ಧೂಳು. ಆರ್‌.ಸಿ. ನೋಡುವ ಮೊದಲೇ ಕಾರು ಎಲ್ಲಿ ಬದುಕಿತ್ತೆಂದು ಹೇಳಬಹುದು. ಒಂದೇ ಮಾದರಿಯ, ಒಂದೇ ವರ್ಷದ, ಒಂದೇ ಊರಿನ ಎರಡು ಕಾರು ಒಂದೇ ವಾರ ಬಂದದ್ದುಂಟು. ಒಂದರ ಫಿಲ್ಟರ್ ಕಾಲಕಾಲಕ್ಕೆ ಬದಲಾಗಿತ್ತು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿಯಾದ ಗೆರೆಗೇ ಇತ್ತು, ಬಾಗಿಲಿನ ರಬ್ಬರಿನ ಒಳಗೂ ಬಟ್ಟೆ ಆಡಿಸಿದ ಗುರುತಿತ್ತು. ಇನ್ನೊಂದರ ಫಿಲ್ಟರ್ ತಟ್ಟಿದರೆ ನೆಲದ ಮೇಲೆ ಗುಡ್ಡೆ ಬಿತ್ತು, ಎಂಜಿನ್ ತಂಪಾಗಿಡುವ ಕೂಲಂಟ್ ಇರಬೇಕಾದಲ್ಲಿ ಬರೀ ನಲ್ಲಿ ನೀರಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ನಲ್ಲಿ ನೀರಿನಿಂದ ರೇಡಿಯೇಟರಿನೊಳಗೆ ಉಪ್ಪು ಕಟ್ಟಿ, ಕಡೆಗೆ ಎಂಜಿನ್ ತಲೆಗೇ ಬರುತ್ತದೆ. ಕಂಪನಿ ಒಂದೇ, ಎಂಜಿನ್ ಒಂದೇ. ಬೇರೆಯಾಗಿದ್ದದ್ದು ಯಜಮಾನರು.

ಅದಕ್ಕೇ ಮಾರಲು ಬಂದವರನ್ನು ಮಾತಿಗೆಳೆಯುತ್ತೇನೆ. "ಆಗ ಇದನ್ನೇ ಯಾಕೆ ತೆಗೆದುಕೊಂಡಿರಿ, ಅಣ್ಣ?" ಎಂದು ಕೇಳುತ್ತೇನೆ. "ಭಾವ ಹೇಳಿದರು, ಮಾರುವಾಗ ಒಳ್ಳೆಯ ಬೆಲೆ ಬರುತ್ತದೆ ಎಂದು" ಎನ್ನುವವರು ಒಂದು ಕಡೆ. "ಶೋರೂಮಿನಲ್ಲಿ ನೋಡಿದ ಕೂಡಲೇ ಮಗಳು ಇದೇ ಬೇಕೆಂದಳು, ನನಗೂ ಕಣ್ಣು ಕೀಳಲಾಗಲಿಲ್ಲ" ಎನ್ನುವವರು ಇನ್ನೊಂದು ಕಡೆ. ಸರ್ವಿಸ್ ಪುಸ್ತಕ ತುಂಬಿರುವುದು ಬಹುಪಾಲು ಎರಡನೆಯವರದು. ಮೆಚ್ಚಿ ತಂದ ಕಾರನ್ನು ತೊಳೆಯುತ್ತಾರೆ. ತೊಳೆಯುವಾಗ ಟೈರಿನ ಪಕ್ಕದ ಉಬ್ಬು, ಬಂಪರಿನ ಬಿರುಕು, ಕೆಳಗೆ ಸೋರಿದ ಎಣ್ಣೆ ಕಣ್ಣಿಗೆ ಬೀಳುತ್ತದೆ. ಸಣ್ಣದಿದ್ದಾಗಲೇ ರಿಪೇರಿಯಾಗುತ್ತದೆ. ಬಾಳಿಕೆ ಎನ್ನುವುದರಲ್ಲಿ ಕಾರ್ಖಾನೆಯ ಪಾಲು ಎಷ್ಟಿದೆಯೋ ಮನೆಯವರ ಪಾಲೂ ಅಷ್ಟೇ ಇದೆ ಎಂದು ನಾನು ನಂಬಿದ್ದು ಹೀಗೆ.

ಹಾಗೆಂದು ಎಲ್ಲ ಅಂದವೂ ಒಳ್ಳೆಯದಲ್ಲ. ದೊಡ್ಡ ಅಲಾಯ್ ಚಕ್ರಗಳನ್ನೇ ತೆಗೆದುಕೊಳ್ಳಿ. 185/65 ಅಳತೆಯ 15 ಇಂಚಿನ ಟೈರಿನ ಪಕ್ಕದ ಗೋಡೆ ಸುಮಾರು 120 ಮಿಲಿಮೀಟರ್ ಎತ್ತರವಿರುತ್ತದೆ. 195/55 ಅಳತೆಯ 16 ಇಂಚಿನದರಲ್ಲಿ ಅದು 107ಕ್ಕೆ ಇಳಿಯುತ್ತದೆ. ಆ ಒಂದು ಬೆರಳಗಲದ ರಬ್ಬರು ಅದಿರು ಲಾರಿಗಳು ಕೊರೆದ ಗುಂಡಿಗಳಲ್ಲಿ ಬಹಳ ದೊಡ್ಡ ಮಾತು. ಚಕ್ರದ ಅಂಚು ಬಾಗಿ, ಟೈರಿನ ಪಕ್ಕ ಉಬ್ಬಿ ಬರುವ ಕಾರುಗಳಲ್ಲಿ 16 ಇಂಚಿನವನ್ನೇ ನಾನು ಹೆಚ್ಚು ನೋಡುತ್ತೇನೆ. ಹಾಗೆಯೇ ಹಿಂಬಾಗಿಲಿನ ಹಿಡಿಕೆ. 2018ರ ಸ್ವಿಫ್ಟ್‌ನಲ್ಲಿ ಅದನ್ನು ಕಿಟಕಿಯ ಹಿಂದಿನ ಕಂಬದಲ್ಲಿ ಅಡಗಿಸಿದ್ದರು. ನೋಡಲು ಎರಡೇ ಬಾಗಿಲಿನ ಕಾರಿನಂತೆ ಕಾಣುತ್ತಿತ್ತು, ಚಿಕ್ಕ ಮಕ್ಕಳ ಕೈಗೆ ಮಾತ್ರ ಎಟುಕುತ್ತಿರಲಿಲ್ಲ. 2024ರ ಹೊಸ ಸ್ವಿಫ್ಟ್‌ನಲ್ಲಿ ಹಿಡಿಕೆ ಬಾಗಿಲಿಗೇ ಮರಳಿತು, ನನಗೆ ಸಂತೋಷವಾಯಿತು. ಹಿಂದಕ್ಕೆ ಹೋದಂತೆ ಮೇಲೇರುವ ಕಿಟಕಿ ಅಂಚೂ ಹಾಗೆಯೇ. ಹೊರಗಿನಿಂದ ಕಾರು ಹಾರಲು ಸಿದ್ಧವಾದಂತೆ ಕಾಣುತ್ತದೆ, ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿಗೆ ಹೊರಗೆ ಏನೂ ಕಾಣುವುದಿಲ್ಲ. ಆದ್ದರಿಂದ ಕಾರಿನ ಅಂದವನ್ನು ಹೊರಗೆ ನಿಂತು ಒಮ್ಮೆ, ಹಿಂದಿನ ಸೀಟಿನಲ್ಲಿ ಕುಳಿತು ಒಮ್ಮೆ ನೋಡಿ ಎನ್ನುತ್ತೇನೆ. ಬಣ್ಣದ ವಿಷಯದಲ್ಲಿ ನಾನು ತಕರಾರು ಮಾಡುವುದಿಲ್ಲ. ಕಪ್ಪು ನಮ್ಮ ಬಿಸಿಲಿಗೆ ಕಾಯುತ್ತದೆ, ಧೂಳೂ ಎದ್ದು ಕಾಣುತ್ತದೆ. ಅದು ಗೊತ್ತಿದ್ದೂ ಬೇಕೆನ್ನುವವರು ತೆಗೆದುಕೊಳ್ಳಲಿ.

ಇನ್ನು ಬಾಳಿಕೆ. ಇದನ್ನು ದೇಶದ ಲೆಕ್ಕದಲ್ಲಿ ಅಳೆಯಬೇಡಿ, ಊರಿನ ಲೆಕ್ಕದಲ್ಲಿ ಅಳೆಯಿರಿ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸಲು ತೀರ್ಮಾನಿಸಿತು, ಪೋಲೋ 2022ರಲ್ಲಿ ನಿಂತಿತು, ಜಾಝ್ 2023ರಲ್ಲಿ. ಫೋರ್ಡ್ ಕಾರುಗಳೂ ಈ ಎರಡೂ ಓಡಿಸಲು ಸೊಗಸಾದವು. ಆದರೆ ಒಂದು ದೀಪವೋ ಸೆನ್ಸರೋ ಹೋದರೆ ಅದು ಬಳ್ಳಾರಿಯಲ್ಲೇ ಸಿಗುತ್ತದೆಯೇ, ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ತರಿಸಬೇಕೇ ಎಂಬುದೇ ಮನೆಯವರಿಗೆ ಬೇಕಾದ ಉತ್ತರ. ಕಾರು ಆರಿಸುವ ಮೊದಲು ನಿಮ್ಮ ನಂಬಿಕೆಯ ಮೆಕ್ಯಾನಿಕ್ ಬಳಿ ಹೋಗಿ, ಅವರ ಶೆಡ್ಡಿನಲ್ಲಿ ಯಾವ ಕಾರು ಬಿಡಿಭಾಗಕ್ಕಾಗಿ ಕಾಯುತ್ತಾ ನಿಂತಿದೆ ಎಂದು ನೋಡಿ. ಆ ಪರೀಕ್ಷೆಯಲ್ಲಿ ಗೆದ್ದ ಎರಡೋ ಮೂರೋ ಕಾರುಗಳು ಉಳಿಯುತ್ತವೆ. ಅಲ್ಲಿಂದ ಮುಂದೆ ಕಣ್ಣು ಮತ್ತು ಕೈ ಹೇಳಿದಂತೆ ಕೇಳಿ.

ಕೈ ಎಂದೆ, ಏಕೆಂದರೆ ಓಡಿಸುವ ಖುಷಿಯನ್ನು ಜನ ವೇಗವೆಂದು ತಿಳಿಯುತ್ತಾರೆ. ಸಿರುಗುಪ್ಪದ ಆಸ್ಪತ್ರೆಗೆ ಬಳ್ಳಾರಿಯಿಂದ ದಿನವೂ ಓಡಾಡುವ ನರ್ಸ್ ಒಬ್ಬರು ಗಂಡನೊಂದಿಗೆ ಬಂದಿದ್ದರು. ಮಾತೆಲ್ಲ ಗಂಡನದೇ. ಮೈಲೇಜು, ಟಚ್‌ಸ್ಕ್ರೀನು, ಸನ್‌ರೂಫು. "ದಿನಾ ಓಡಿಸುವವರು ಯಾರು ಸರ್?" ಎಂದೆ. "ಇವಳೇ" ಎಂದರು. "ಹಾಗಾದರೆ ಅಕ್ಕ ಓಡಿಸಿ ನೋಡಲಿ" ಎಂದೆ.

ಎರೆ ಭೂಮಿಯ ಮೇಲೆ ಹಾಸಿದ ರಸ್ತೆಯ ಡಾಂಬರು ನೋಡಲು ನಯವಾಗಿರುತ್ತದೆ, ಆದರೆ ಅಡಿಯ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಮೇಲ್ಮೈ ಅಲೆ ಅಲೆಯಾಗಿರುತ್ತದೆ. ಮೊದಲ ಕಾರಿನಲ್ಲಿ ಅಕ್ಕ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು, ಭುಜ ಮೇಲೇರಿತ್ತು. ಎರಡನೆಯದರಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಭುಜ ಇಳಿಯಿತು. ಭತ್ತದ ಟ್ರಾಕ್ಟರ್ ಒಂದು ಅಡ್ಡ ಸಿಕ್ಕಿತು. ಮೂರನೇ ಗೇರಿಗೆ ಇಳಿಸಿ ದಾಟಿದರು, ಕಾರಿಗೆ ಉಸಿರು ಕಟ್ಟಲಿಲ್ಲ. "ರೀ, ಇದು ಹೇಳಿದ ಮಾತು ಕೇಳುತ್ತದೆ" ಎಂದರು. ಓಡಿಸುವ ಖುಷಿ ಎಂದರೆ ನನ್ನ ಪಾಲಿಗೆ ಇದೇ. ರಾತ್ರಿ ಪಾಳಿ ಮುಗಿಸಿ ದಣಿದು ಬರುವವರಿಗೆ ಅದು ಷೋಕಿಯಲ್ಲ, ಸುರಕ್ಷತೆ. ಸನ್‌ರೂಫ್ ಇರದ ಆ ಎರಡನೆಯ ಕಾರನ್ನೇ ಅವರು ಕೊಂಡರು.

ಅಂಕಿಗಳನ್ನು ನೋಡಿ ಇದು ತಿಳಿಯುವುದಿಲ್ಲ. ಸ್ವಿಫ್ಟ್‌ನ ಹಳೆಯ ನಾಲ್ಕು ಸಿಲಿಂಡರಿನ ಎಂಜಿನ್‌ಗೆ 113 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ, ಇತ್ತು, 2024ರಲ್ಲಿ ಬಂದ ಮೂರು ಸಿಲಿಂಡರಿನದಕ್ಕೆ 112. ಕಾಗದದಲ್ಲಿ ಅವಳಿ ಜವಳಿ, ಕೈಗೆ ಎರಡೂ ಬೇರೆ. ಹಳೆಯದರ ನಯ ನನಗೆ ಈಗಲೂ ಇಷ್ಟ.

ಹಾಗಾಗಿ ಟೆಸ್ಟ್ ಡ್ರೈವ್‌ಗೆ ಹೋಗುವವರಿಗೆ ನಾನು ಹೇಳುವುದಿಷ್ಟು. ಮಧ್ಯಾಹ್ನದ ಬಿಸಿಲಿನಲ್ಲಿ, ಮನೆ ಮಂದಿಯನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ ಹೊಸಪೇಟೆ ರಸ್ತೆಯಲ್ಲಿ ಒಮ್ಮೆ ಓಡಿಸಿ. ಒಬ್ಬರೇ ಬೆಳಗಿನ ತಂಪಿನಲ್ಲಿ ಓಡಿಸಿದರೆ ಯಾವ ಕಾರೂ ಚೆನ್ನಾಗಿಯೇ ಇರುತ್ತದೆ. ಸಾಧ್ಯವಾದರೆ ಕತ್ತಲಾದ ಮೇಲೂ ಒಮ್ಮೆ ಕೇಳಿ ಪಡೆಯಿರಿ. ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆಯುವಾಗ ನಿಮ್ಮ ಕಾರಿನ ದೀಪ ರಸ್ತೆಯ ಎಡ ಅಂಚನ್ನು ತೋರಿಸುತ್ತದೆಯೇ ಎಂಬುದು ಹಗಲಿನಲ್ಲಿ ಗೊತ್ತಾಗುವುದಿಲ್ಲ.