ಕವಡೆ ಡಬ್ಬಿ: ಮೂರನೇ ವಾರ

ಅಜ್ಜಿಯ ಚೌಕಾಬಾರದ ಡಬ್ಬಿಯಲ್ಲಿದ್ದ 43 ಕವಡೆಗಳ ವಿಂಗಡಣೆ ಅಂತೂ ಮುಗೀತು. ಎಲ್ಲಾ ಒಂದೇ ಥರದವು ಅಂತ ಇಷ್ಟು ವರ್ಷ ಆಡಿದ್ದೇ ಆಡಿದ್ದು. ಕುಲ ಒಂದೇ, ಮೊನೆಟೇರಿಯಾ. ಪ್ರಭೇದ ಮಾತ್ರ ಎರಡು. 31 ಮೊನೆಟಾ, 12 ಆನ್ಯುಲಸ್.

ಮೊನೆಟಾ ಹಳದಿ ಬಣ್ಣದ್ದು, ಅಂಚಿನಲ್ಲಿ ಗಂಟುಗಂಟಾಗಿ ಉಬ್ಬಿರುತ್ತೆ. ಹಿಂದೆ ಮಾಲ್ಡೀವ್ಸ್‌ನಿಂದ ಹಡಗು ತುಂಬಿ ಬಂಗಾಳಕ್ಕೆ ಬಂದು ಹಣವಾಗಿ ಓಡಾಡಿದ್ದು ಇದೇ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ ಇಟ್ಟ ಹೆಸರಲ್ಲೂ ದುಡ್ಡೇ ಇದೆ, ಲ್ಯಾಟಿನ್‌ನಲ್ಲಿ ಮೊನೆಟಾ ಅಂದ್ರೆ ನಾಣ್ಯ. ಆನ್ಯುಲಸ್ ನುಣುಪು, ಬೆನ್ನ ಮೇಲೆ ಚಿನ್ನದ ಬಣ್ಣದ ಉಂಗುರ. ಗೋಜಲು ಮಾಡಿದ್ದು ಬೆನ್ನು ಒಡೆದ 5 ಕವಡೆ. ಚೆನ್ನಾಗಿ ಕೂರಲಿ ಅಂತ ಯಾರೋ ಬೆನ್ನು ತೆಗೆದಿದ್ದಾರೆ, ಉಂಗುರ ಇರಬೇಕಾದ ಜಾಗವೇ ಇಲ್ಲ! ಅಂಚು ಸವರಿ ನೋಡಿ, ಗಂಟು ಸಿಕ್ಕರೆ ಮೊನೆಟಾ ಅಂತ ಬರೆದುಕೊಂಡೆ.

ಈ ವಾರದ ನಿಜವಾದ ಕೆಲಸ ಬೇರೆ. ಕವಡೆ ಬಸವನಹುಳುವಿನ ಚಿಪ್ಪೇ ಆದರೆ ಸುರುಳಿ ಎಲ್ಲಿ? ಮರಿಯಾಗಿದ್ದಾಗ ಚಿಪ್ಪು ತೆಳು, ಬಾಯಿ ಅಗಲ, ತುದಿಯ ಸುರುಳಿ ಕಾಣುತ್ತೆ. ಬೆಳೆದ ಮೇಲೆ ತುಟಿ ಒಳಕ್ಕೆ ಮಡಚಿ ಹಲ್ಲು ಮೂಡುತ್ತೆ, ಚಿಪ್ಪು ದಪ್ಪವಾಗಿ ಸುರುಳಿ ಹೂತುಹೋಗುತ್ತೆ. ಓದಿದ್ದು ಇಷ್ಟು. ಕಣ್ಣಾರೆ ನೋಡಬೇಕಿತ್ತು.

ಬಿರುಕು ಬಿಟ್ಟ ಒಂದು ಮೊನೆಟಾ ತಗೊಂಡು, ಅಗಲದ ತುದಿಯಿಂದ ಸ್ಯಾಂಡ್ ಪೇಪರ್ ಮೇಲೆ ನೀರು ಹಾಕಿ, ಗಂಧ ತೇಯ್ದ ಹಾಗೆ ತೇಯ್ದೆ. ನೀರಿಲ್ಲದೆ ಉಜ್ಜಬೇಡಿ, ಆ ಪುಡಿ ಮೂಗಿಗೆ ಹೋಗಬಾರದು. ಅರ್ಧ ಗಂಟೆ ಬರೀ ಬಿಳಿ ಹಾಲು. ಕೈ ಸೋತು ಬಿಡೋಣ ಅನ್ನುವಾಗ ಒಂದು ಕಪ್ಪು ಚುಕ್ಕೆ, ಆಮೇಲೆ ಅದನ್ನು ಬಳಸಿಕೊಂಡು ಒಂದು ಗೆರೆ. ಇನ್ನೊಂದಿಷ್ಟು ತೇಯ್ದಾಗ ಬೆರಳುಗುರಿಗಿಂತ ಚಿಕ್ಕ ಚಕ್ಕುಲಿ!

ಎಡವಟ್ಟೂ ಆಯ್ತು. ಮಾಸಿದ ಒಂದು ಆನ್ಯುಲಸ್ ಬೆಳ್ಳಗಾಗಲಿ ಅಂತ ವಿನಿಗರ್‌ಗೆ ಹಾಕಿದೆ. ಗುಳ್ಳೆ ಎದ್ದಿದ್ದು ನೋಡಿ ಖುಷಿಪಟ್ಟೆ ಬೇರೆ. ಸುಣ್ಣದ ಚಿಪ್ಪು ಹುಳಿಯಲ್ಲಿ ಕರಗದೆ ಇನ್ನೇನು? ಹೊಳಪು ಹೋಗಿ ಸೀಮೆಸುಣ್ಣದ ತುಂಡಿನ ಹಾಗಾಗಿದೆ. ಬದುಕಿದ್ದಾಗ ಹುಳುವಿನ ಮೈಯಂಚು ಚಿಪ್ಪಿನ ಮೇಲೆ ಹೊದ್ದುಕೊಂಡು ಆ ಮಿರುಗು ಕಾಯುತ್ತೆ, ನನ್ನ ಪಾಲಿಶ್ ಅದರ ಹತ್ತಿರವೂ ಬರಲಿಲ್ಲ.

ಮುಂದಿನ ವಾರ ಹಲ್ಲು ಎಣಿಸಬೇಕು. ಅಷ್ಟರಲ್ಲಿ ಅಮ್ಮ ಆಟಕ್ಕೆ ಅಂತ 4 ಕವಡೆ ವಾಪಸ್ ಒಯ್ದಿದ್ದಾಳೆ, ಬೆನ್ನು ಒಡೆದವನ್ನೇ ಆರಿಸಿ.